ಕಸವಿಲ್ಲದ ಕಡೆ ಕಸ ಹೊಡೆಯುವವಳು

ನನ್ನ ನಾದಿನಿ ಅಮೆರಿಕದ ಎವರ್‌ಗ್ರೀನಿನ ತನ್ನ ಮನೆಯಲ್ಲಿ ಪೊರಕೆ ಹಿಡಿದದ್ದನ್ನು ಕಂಡವರಿಲ್ಲ. ಗುಡಿಸಲು ಒಂದು ರೋಬೋಟು ಇದೆ. ಅದು ಸೋಫಾದಡಿ ಸಿಕ್ಕಿಕೊಂಡು ಎರಡು ವಾರವಾಯಿತು. ಆದರೆ ಚೂರೂ ಕಸವಿಲ್ಲದ ಮಂಜುಗಡ್ಡೆಯನ್ನು ಗುಡಿಸಿ ಗುಡಿಸಿ ಕಪಾಟು ತುಂಬ ಪದಕ ಗೆದ್ದಿದ್ದಾಳೆ!

ಆಟದ ಹೆಸರು ಕರ್ಲಿಂಗ್. ಇಪ್ಪತ್ತು ಕೇಜಿಯ ಕಲ್ಲಿನ ಗುಂಡನ್ನು ಒಬ್ಬರು ಮಂಜಿನ ಮೇಲೆ ದೂರದ ಗುರಿವೃತ್ತದತ್ತ ಜಾರಿಸಬೇಕು. ಇನ್ನಿಬ್ಬರು ಅದರ ಮುಂದೆ ಓಡುತ್ತ ಬ್ರಷ್ಷಿನಿಂದ ಉಜ್ಜಬೇಕು. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ. ಆಫೀಸಿನವರು ಒಂದು ದಿನ ಮೋಜಿಗೆಂದು ಕರೆದೊಯ್ದಿದ್ದರು. ಉಳಿದವರು ಪಿಜ್ಜಾ ತಿಂದು ಮನೆಗೆ ಹೋದರು. ಇವಳು ಹದಿನಾಲ್ಕು ವರ್ಷ ಅಲ್ಲೇ ಉಳಿದಳು! ಧಾರವಾಡದ ನಮ್ಮತ್ತೆ ವಿಡಿಯೋ ನೋಡಿ, "ಕಸಾ ಹೊಡೀಲಿಕ್ಕೆ ಅಷ್ಟ ದೂರ ಹೋಗ್ಬೇಕಿತ್ತೇನ?" ಎಂದರು.

ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ಇನ್ನು ಆಡುವಂತಿಲ್ಲ ಎಂದರು ಡಾಕ್ಟರು. ಅದೇ ಹೊತ್ತಿಗೆ ಪಕ್ಕದ ಊರಾದ ಮಿಲ್ಪಿಟಾಸಿನ ನಾಲ್ವರು ಕನ್ನಡದ ಹೆಂಗಸರು ನಮಗೆ ಕೋಚ್ ಆಗಿ ಎಂದು ಇವಳಿಗೆ ಗಂಟುಬಿದ್ದರು. "ಕಾಲು ನೆಟ್ಟಗಾಗೂತನಕಾ ಅಷ್ಟ, ವೈನೀ. ಆಮ್ಯಾಲೆ ನಾ ಆಡಾಕಿನ" ಎಂದಳು ಅತ್ತಿಗೆಯಾದ ನನಗೆ. ಪ್ರತಿ ಶನಿವಾರ ಕಾರಿನಲ್ಲಿ ಇದೇ ಮಾತು. ನಾನು ಹೂಂ ಅನ್ನುತ್ತಿದ್ದೆ.

ಎದುರಾಳಿಗೆ ಗುಟ್ಟು ತಿಳಿಯಬಾರದೆಂದು ಅವಳು ಕಲಿಸಿದ ಆಜ್ಞೆಗಳೆಲ್ಲ ಕನ್ನಡದಲ್ಲೇ. ಮೊದಲ ಅಭ್ಯಾಸದಲ್ಲಿ ಕಲ್ಲು ಬಿಡಲು ಕೂತವಳು ಆ ನಾಲ್ವರಲ್ಲೊಬ್ಬಳು, ಬೆಂಗಳೂರಿನ ಎಂಜಿನಿಯರು. ಎದುರಿಗೆ ಗುರಿಯ ನಟ್ಟನಡುವೆ ನಮ್ಮದೇ ಕಲ್ಲು. ನಾದಿನಿ ಗರ್ಜಿಸಿದಳು: "ಹೊಡೀ! ಹೊಡೀ!" ಆಕೆ ಬಲವೆಲ್ಲ ಬಿಟ್ಟು ತಳ್ಳಿದಳು. ನಮ್ಮ ಕಲ್ಲು ಪಕ್ಕದ ಅಂಕಣಕ್ಕೆ ವಲಸೆ ಹೋಯಿತು!

"ಆಂಟೀ, ನೀವೇ ಹೊಡಿ ಅಂದ್ರಲ್ಲ!"

"ಕಸಾ ಹೊಡಿ ಅಂದೆ! ನಿನಗಲ್ಲ, ಬ್ರಷ್ ಹಿಡದಾಕಿಗೆ!"

"ನಮ್ ಕಡೆ ಕಸ ಗುಡಿಸ್ತಾರೆ ಆಂಟಿ, ಹೊಡೆಯಲ್ಲ."

"ಗುಡಿಸು ಅಂತ ಒದರಿ ನೋಡು. ದನಿ ಹೊಟ್ಟ್ಯಾಗಿಂದ ಬರ್ತದೇನು?"

ನಾಲ್ವರೂ ಕೂಗಿ ನೋಡಿದರು. ಬರಲಿಲ್ಲ. ಧಾರವಾಡ ಗೆದ್ದಿತು!

ಕಳೆದ ತಿಂಗಳು ಅವರ ಮೊದಲ ದೊಡ್ಡ ಪಂದ್ಯ. ಕೋಚ್ ಅಂಕಣದ ಗಾಜಿನ ಗೋಡೆಯ ಈಚೆ ಬಾಯಿಮುಚ್ಚಿ ಕೂರಬೇಕೆಂಬುದು ನಿಯಮ. ಇವಳಿಗೆ! ಪಾಪ, ನನ್ನ ಶಾಲಿನ ಅಂಚು ಕಚ್ಚಿಕೊಂಡು ಕೂತಳು. ಕೊನೆಯ ಕಲ್ಲು ಬೆಂಗಳೂರಿನವಳದೇ. ಅದು ತೇಲಿ ಬಂದು ಸರಿಯಾಗಿ ನಡುವೆ ನಿಂತಿತು. ಗೆದ್ದೆವು! ನಾನು ಎದ್ದು ಕುಣಿದೆ. ಅವಳು ಏಳಲಿಲ್ಲ.

"ವೈನೀ, ನೋಡಿದ್ರೇನ? ಆಕಿ ಮೊಣಕಾಲು ಎಷ್ಟ ಛಂದ ಬಾಗಿತು!"

ಆಮೇಲೆ ಕುಂಟುತ್ತ ಪಾರ್ಕಿಂಗಿಗೆ ನಡೆದು ಕಾರಿನ ಡಿಕ್ಕಿ ತೆರೆದಳು. ಎರಡು ವರ್ಷದಿಂದ ಒರೆಸಿ ಒರೆಸಿ ಇಟ್ಟಿದ್ದ ತನ್ನ ಆಟದ ಬೂಟುಗಳನ್ನು ತೆಗೆದು, ಹಿಂದೆಯೇ ಬಂದಿದ್ದ ಬೆಂಗಳೂರಿನವಳ ಕೈಗಿತ್ತಳು. "ಹಾಕ್ಕೊಂಡ ನೋಡವಾ."

ಆಕೆ ಅಲ್ಲೇ ಕೂತು ಹಾಕಿಕೊಂಡಳು. ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಉಳಿಯಿತು.

"ಕರೆಕ್ಟಾಗಿದೆ, ಆಂಟಿ" ಎಂದು ಲೇಸು ಬಿಗಿದಳು.