ಕ್ರೇನು ನಂಬರ್ ಮೂರರ ಮದುವೆ

ಮೊದಲು ಒಂದು ಒಗಟು. ಎರಡು ಕಾಲು, ಎರಡು ಕೈ, ಬೆನ್ನ ಮೇಲೆ ನಂಬರು. ಹಸಿವು ಅಂದರೆ ಗ್ರೀಸ್ ಹಚ್ಚುತ್ತಾರೆ, ಮದುವೆ ಅಂದರೆ ಲೈಸೆನ್ಸ್ ಕೇಳುತ್ತಾರೆ. ಏನದು? ತಲೆ ಕೆಡಿಸಿಕೊಳ್ಳಬೇಡಿ, ಸಿಗುವುದಿಲ್ಲ. ರೋಮ್ ನಗರದ ಕಚೇರಿಯ ಹನ್ನೊಂದು ಜನ ಗುಮಾಸ್ತರಿಗೂ ಸಿಕ್ಕಿಲ್ಲ. ಅವರಾದರೆ ಸಂಬಳ ತಗೊಂಡು ಯೋಚಿಸುವವರು.

ಸಾವಿರದ ಒಂಬೈನೂರ ಅರವತ್ತೊಂದರ ಏಪ್ರಿಲ್‌ನಲ್ಲಿ, ರೋಮಿನ ಅಂಚಿನ ಒಂದು ಸ್ಟುಡಿಯೋದಲ್ಲಿ ಸಾವಿರದ ಇನ್ನೂರು ಕಿಲೋ ತೂಕದ ಬಂಡೆಯೊಂದಿತ್ತು. ಅದರ ತೂಕ ನಾಲ್ಕು ಕಿಲೋ. ಎರಡೂ ನಿಜ. ಮೊದಲನೆಯದು ರಿಜಿಸ್ಟರಿನ ಪ್ರಕಾರ, ಎರಡನೆಯದು ತಕ್ಕಡಿಯ ಪ್ರಕಾರ. ಸರ್ಕಾರ ತಕ್ಕಡಿಯನ್ನು ಓದುವುದಿಲ್ಲ.

ಆ ವರ್ಷ ರೋಮಿನಲ್ಲಿ ಪುರಾಣದ ಸಿನಿಮಾ ತೆಗೆಯದೆ ಉಳಿದವರು ಪಾದ್ರಿಗಳು ಮಾತ್ರ. ಸೊಂಟಕ್ಕೊಂದು ತುಂಡು ಬಟ್ಟೆ, ಮೈತುಂಬ ಎಣ್ಣೆ, ಕೈಗೆ ಕತ್ತಿ, ಕಾಲಿಗೆ ಚಪ್ಪಲಿ. ಮುಗೀತು, ಪುರಾಣ ತಯಾರು. ನಮ್ಮ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದದ್ದು ‘ಒಕ್ಕಣ್ಣನ ಗುಹೆಯಲ್ಲಿ ಬ್ರೋಂತೆಯೋ’. ಕೊನೆಯ ದೃಶ್ಯದಲ್ಲಿ ವೀರ ಬ್ರೋಂತೆಯೋ ಗುಹೆಯ ಬಾಯಿಗೆ ಅಡ್ಡವಿಟ್ಟ ಬಂಡೆಯನ್ನೆತ್ತಿ ರಾಕ್ಷಸನ ಒಂದೇ ಕಣ್ಣಿಗೆ ಒಗೆಯಬೇಕು.

ಬ್ರೋಂತೆಯೋ ಆಗಿದ್ದವನು ಸೆತ್ತಿಮಿಯೋ ಪಲೊಂಬಿ. ಹೋದ ವರ್ಷದವರೆಗೆ ಕಸಾಯಿಖಾನೆಯಲ್ಲಿ ಅರ್ಧರ್ಧ ಎತ್ತನ್ನು ಹೆಗಲ ಮೇಲೆ ಹೊತ್ತು ಓಡಾಡುತ್ತಿದ್ದವನು. ಪೋಸ್ಟರಿನಲ್ಲಿ ಅವನ ಹೆಸರು ಜಾನ್ ಸ್ಟೀಲ್ಟನ್, ಊರು ಅಮೆರಿಕ. ಅವನಿಗೆ ಬರುವ ಇಂಗ್ಲಿಷು ‘ಓಕೆ’ ಒಂದೇ, ಅದನ್ನೂ ಬೆವರುತ್ತಾ ಹೇಳುತ್ತಿದ್ದ.

ಸೆತ್ತಿಮಿಯೋಗೆ ಕೀರ್ತಿ ಬೇಕಿರಲಿಲ್ಲ, ಇನೇಸ್ ಬೇಕಿತ್ತು. ಇನೇಸ್ ಅದೇ ಸ್ಟುಡಿಯೋದಲ್ಲಿ ರೋಮನ್ ಸೈನಿಕರ ಲಂಗ ಹೊಲಿಯುವವಳು. ನಿಶ್ಚಿತಾರ್ಥವಾಗಿ ಏಳು ವರ್ಷ. ಒಂದು ವರ್ಷ ಅಜ್ಜಿ ಸತ್ತಳು, ಇನ್ನೊಂದು ವರ್ಷ ಮನೆ ಸಿಗಲಿಲ್ಲ, ಮತ್ತೊಂದು ವರ್ಷ ಅದೇ ಅಜ್ಜಿಯ ತಂಗಿ ಸತ್ತಳು. ಈ ಸಲ ಮೇ ಹದಿನಾಲ್ಕು, ಭಾನುವಾರ ಅಂತ ಗೊತ್ತಾಗಿತ್ತು.

“ನೋಡು, ಈ ಸಲವೂ ತಪ್ಪಿತೋ, ಎಂಟನೇ ನಂಬರ್ ಟ್ರಾಮಿನ ಕಂಡಕ್ಟರು ಇದಾನೆ,” ಎಂದಿದ್ದಳು ಇನೇಸ್, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. “ತೋಳು ಸಣ್ಣ. ಆದ್ರೆ ಟೈಮಿಗೆ ಸರಿಯಾಗಿ ಬರ್ತಾನೆ.”

ಹೀಗಿರುವಾಗ ಕಾರ್ಮಿಕ ಇಲಾಖೆಯ ತಪಾಸಣಾಧಿಕಾರಿ ಕ್ವಾರಂತಾ ಆಗಮಿಸಿದರು. ಟೈ ಕಟ್ಟಿದ್ದರು. ಟೈ ಕಟ್ಟಿದವರನ್ನೆಲ್ಲ ನಮ್ಮಲ್ಲಿ ದೊತ್ತೋರೆ, ಅಂದರೆ ಪಂಡಿತರು, ಅನ್ನಬೇಕು, ಓದಿರಲಿ ಬಿಡಲಿ.

“ಈ ಬಂಡೆ ಎತ್ತೋರು ಯಾರು?” ಎಂದು ರಿಜಿಸ್ಟರ್ ನೋಡುತ್ತಾ ಕೇಳಿದರು.

“ನಾನೇ, ದೊತ್ತೋರೇ.”

“ನಿಯಮ ಇಪ್ಪತ್ತೇಳು. ಮನುಷ್ಯ ಐವತ್ತು ಕಿಲೋ ಮೀರಿ ಎತ್ತೋ ಹಾಗಿಲ್ಲ. ಮೀರಿದ್ದನ್ನ ಯಂತ್ರ ಎತ್ತಬೇಕು.”

“ಅಯ್ಯೋ, ಇದು ಬರೀ ಹಳೇ ಪೇಪರು, ಗೋಂದು. ನೋಡಿ ಬೇಕಾದ್ರೆ,” ಎಂದು ಸೆತ್ತಿಮಿಯೋ ಒಂದೇ ಕೈಯಲ್ಲಿ ಬಂಡೆಯನ್ನೆತ್ತಿ, ಇನ್ನೊಂದು ಕೈಯಲ್ಲಿ ಮೂಗು ತುರಿಸಿಕೊಂಡ.

ಕ್ವಾರಂತಾ ಬರೆದುಕೊಂಡರು: ‘ಸದರಿ ವ್ಯಕ್ತಿಯು ನನ್ನ ಸಮಕ್ಷಮದಲ್ಲಿ ಸಾವಿರದ ಇನ್ನೂರು ಕಿಲೋವನ್ನು ಒಂದೇ ಕೈಯಲ್ಲಿ ಎತ್ತಿ, ಉಳಿದ ಕೈಯನ್ನು ಅನ್ಯ ಕಾರ್ಯಕ್ಕೆ ಬಳಸಿರುತ್ತಾನೆ.’

ಅಷ್ಟರಲ್ಲಿ ನಿರ್ಮಾಪಕ ಸ್ಪಾದೋನಿ ಓಡಿಬಂದ. ರಾಷ್ಟ್ರೀಯ ಪುರಾಣಗಳ ಸಹಾಯಧನಕ್ಕಾಗಿ ಈತ, ‘ಚಿತ್ರದಲ್ಲಿ ಬಳಸುವ ಕಲ್ಲು ಸಂಪೂರ್ಣ ಅಸಲಿ’ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿದ್ದ. ಆ ಸಹಾಯಧನ ಈಗ ಸಮುದ್ರದಂಡೆಯಲ್ಲಿ ಅವನ ಮನೆಯಾಗಿ ನಿಂತಿತ್ತು. ಬಂಡೆ ಪೇಪರಿನದು ಅಂದರೆ ಮನೆಯ ಬದಲು ಜೈಲು.

“ಪೇಪರಾ? ಯಾವನೋ ಹೇಳಿದ್ದು? ತಿವೋಲಿ ಗಣಿಯ ಅಪ್ಪಟ ಕಲ್ಲು,” ಎಂದು ಅವನು ಸೆತ್ತಿಮಿಯೋನ ಸೊಂಟ ಚಿವುಟಿದ. ಎಣ್ಣೆ ಹಚ್ಚಿದ್ದರಿಂದ ಹಿಡಿತ ಸಿಗಲಿಲ್ಲ.

ಬಂಡೆ ಅಸಲಿ ಎಂದು ತೀರ್ಮಾನವಾದ ಮೇಲೆ ಉಳಿದದ್ದು ಮನುಷ್ಯನ ಪ್ರಶ್ನೆ. ಕ್ವಾರಂತಾ ಕರುಣಾಳು, ಎರಡು ದಿನ ನಿಯಮದ ಪುಸ್ತಕ ತಿರುವಿಹಾಕಿ ದಾರಿ ಹುಡುಕಿದರು. ನಿಯಮ ಇಪ್ಪತ್ತೇಳು, ಉಪನಿಯಮ ಎರಡು: ‘ಐವತ್ತು ಕಿಲೋ ಮೀರಿದ ಭಾರವನ್ನು ಎತ್ತಬಲ್ಲ, ಒಂದಕ್ಕಿಂತ ಹೆಚ್ಚು ಕೀಲುಗಳುಳ್ಳ ಯಾವುದೇ ಸಾಧನವನ್ನು ಕ್ರೇನು ಎಂದು ಪರಿಗಣಿಸತಕ್ಕದ್ದು.’ ಸೆತ್ತಿಮಿಯೋನ ಕೀಲುಗಳನ್ನು ಎಣಿಸಲಾಯಿತು. ಧಾರಾಳವಾಗಿದ್ದವು.

“ಸಹಿ ಹಾಕು ಮಾರಾಯ,” ಎಂದ ಸ್ಪಾದೋನಿ. “ಬಂಡೆ ಎತ್ತದೆ ಸಿನಿಮಾ ಮುಗಿಯಲ್ಲ. ಸಿನಿಮಾ ಮುಗಿಯದೆ ಒಪ್ಪಂದ ನಿನ್ನನ್ನ ಬಿಡಲ್ಲ. ಮೇ ಹದಿನಾಲ್ಕಕ್ಕೆ ನಿನಗೇನೋ ಕೆಲಸ ಇದೆಯಂತಲ್ಲ?”

ಸೆತ್ತಿಮಿಯೋ ಸಹಿ ಹಾಕಿದ. ಮರುದಿನ ಸ್ಟುಡಿಯೋದ ಗೋಡೆಗೆ ಪ್ರಕಟಣೆ ಅಂಟಿತು: ‘ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಪಲೊಂಬಿ ಸೆತ್ತಿಮಿಯೋ ಎಂಬ ಸಾಧನವನ್ನು ಕ್ರೇನು ನಂಬರ್ ಮೂರು ಎಂದು ನೋಂದಾಯಿಸಲಾಗಿದೆ. ಸದರಿ ಸಾಧನದೊಂದಿಗೆ ಅನವಶ್ಯಕವಾಗಿ ಮಾತಾಡಕೂಡದು.’

ಬಂಡೆ ಎತ್ತಿದ್ದಾಯಿತು. ರಾಕ್ಷಸನ ಕಣ್ಣಿಗೆ ಬಡಿದು ಬಂಡೆಯೇ ನೆಗ್ಗಿತು. ಯಾರೂ ಅದನ್ನು ದಾಖಲಿಸಲಿಲ್ಲ.

ಆದರೆ ಕ್ಯಾಂಟೀನಿನಲ್ಲಿ ಅಡುಗೆಯವಳು ಸೌಟು ಹಿಂದಕ್ಕೆ ತೆಗೆದಳು. “ಪಟ್ಟಿಯಲ್ಲಿ ನಿನ್ನ ಹೆಸರಿಲ್ಲಪ್ಪ. ಕ್ರೇನಿಗೆ ಪಾಸ್ತಾ ಕೊಟ್ರೆ ನನ್ನ ಕೆಲಸ ಹೋಗುತ್ತೆ. ಗ್ರೀಸ್ ಡಬ್ಬ ಶೆಡ್ಡಲ್ಲಿದೆ.” ಶೆಡ್ಡಿನ ಮೆಕ್ಯಾನಿಕ್ ಒಳ್ಳೆಯವನು, ಮೊಣಕೈಗೂ ಮಂಡಿಗೂ ತಾನೇ ಗ್ರೀಸ್ ಹಚ್ಚಿದ. “ಉಳಿದೆರಡಕ್ಕಿಂತ ನೀನೇ ವಾಸಿ, ಕಿರುಗುಟ್ಟಲ್ಲ,” ಎಂದು ಹೊಗಳಿದ ಕೂಡ.

ಮದುವೆಯ ಕಾಗದ ಮಾಡಿಸಲು ಸೆತ್ತಿಮಿಯೋ, ಇನೇಸ್ ನಗರದ ಕಚೇರಿಗೆ ಹೋದರು. ಕಿಟಕಿಯ ಗುಮಾಸ್ತ ಬಹಳ ಹೊತ್ತು ಹುಡುಕಿ ತಲೆಯೆತ್ತಿದ.

“ವಧು ಇದ್ದಾಳೆ. ವರ ಎಲ್ಲಿ?”

“ಇಲ್ಲೇ ಇದ್ದೀನಲ್ಲ.”

“ನೀವು ಜನರ ದಫ್ತರದಲ್ಲಿಲ್ಲ. ಯಂತ್ರಗಳ ದಫ್ತರಕ್ಕೆ ವರ್ಗವಾಗಿದೆ.” ಗುಮಾಸ್ತನ ದನಿಯಲ್ಲಿ ಬೇಸರವಿರಲಿಲ್ಲ. “ಮತ್ತೆ, ಕಿಟಕಿ ಮುಂದೆ ಭಾರೀ ವಾಹನ ನಿಲ್ಲಿಸಬಾರದು.”

ಸೆತ್ತಿಮಿಯೋ ಪಕ್ಕಕ್ಕೆ ಸರಿದು ನಿಂತ. ಕಣ್ಣು ತುಂಬಿ ಬಂತು. ಗುಮಾಸ್ತ ಅದನ್ನು ಸೋರಿಕೆ ಎಂದು ಗುರುತು ಹಾಕಿಕೊಂಡ.

ಇನೇಸ್ ಅಳುವವಳಲ್ಲ. “ಈ ಕ್ರೇನು ಯಾರ ಹೆಸರಲ್ಲಿದೆ?” ಎಂದಳು.

“ಸ್ಪಾದೋನಿಯವರ ಹೆಸರಲ್ಲಿ.”

“ಕೊಂಡುಕೊಳ್ಳಬಹುದಾ?”

“ಧಾರಾಳವಾಗಿ. ಕೊಳ್ಳೋರ ಹತ್ರ ಕ್ರೇನು ಓಡಿಸೋ ಲೈಸೆನ್ಸ್ ಇರಬೇಕು ಅಷ್ಟೆ.”

ಸಿನಿಮಾ ಮುಗಿದಿದ್ದರಿಂದ ಸ್ಪಾದೋನಿ ಹಳೇ ಕಬ್ಬಿಣದ ದರಕ್ಕೆ ಒಪ್ಪಿದ. ಇನೇಸ್ ಪರೀಕ್ಷೆಗೆ ಕೂತಳು. ಕೂತಳು ಅಂದರೆ ಹೆಗಲ ಮೇಲೆ, ಚಾಲಕರ ಆಸನ ಕಡ್ಡಾಯವಾದ್ದರಿಂದ. “ಮುಂದೆ,” ಎಂದಳು, ಸೆತ್ತಿಮಿಯೋ ನಡೆದ. “ಎಡಕ್ಕೆ. ನಿನ್ನ ಎಡಕ್ಕೆ ಕಣೋ, ದಡ್ಡ.” ತಿರುಗಿದ. “ಹಿಂದೆ.” ಹಿಂದೆ ಹೋಗುವಾಗ ನಿಯಮದಂತೆ ಬಾಯಲ್ಲೇ “ಪೀಂ, ಪೀಂ” ಎಂದ. ಪರೀಕ್ಷಕ ಮೆಚ್ಚಿದ. “ಇಷ್ಟು ಮಾತು ಕೇಳೋ ಗಾಡಿ ನಾನು ನೋಡೇ ಇಲ್ಲ. ಎಷ್ಟು ವರ್ಷದ ಅಭ್ಯಾಸ ತಾಯಿ?”

“ಏಳು,” ಎಂದಳು ಇನೇಸ್.

ಶನಿವಾರ ಮಾಲೀಕತ್ವ ವರ್ಗಾವಣೆ. ಭಾನುವಾರ ಪಾದ್ರಿ ಒಂದು ಕ್ಷಣ ಯೋಚಿಸಿದರು. ಯಂತ್ರಕ್ಕೆ ಮದುವೆ ಮಾಡಿಸಲು ಮೇಲಿನವರ ಅಪ್ಪಣೆ ಬೇಕು. ವಾಹನಕ್ಕೆ ಆಶೀರ್ವಾದ ಮಾಡಲು ಯಾರ ಅಪ್ಪಣೆಯೂ ಬೇಡ. ಪ್ರತಿ ಮಾರ್ಚಿನಲ್ಲಿ ಸಾಲು ನಿಂತ ಟ್ಯಾಕ್ಸಿಗಳಿಗೆ ಮಾಡುವುದೇ. ನೀರು ಅದೇ, ಮಂತ್ರ ಹೆಚ್ಚು ಕಡಿಮೆ ಅದೇ. ಚಿಮುಕಿಸಿದರು.

ಅತಿಥಿಗಳು ಕುರಿಮಾಂಸ ತಿಂದರು. ಸೆತ್ತಿಮಿಯೋ ತಿಂದದ್ದು ಇಂಧನದ ಲೆಕ್ಕಕ್ಕೆ ಹೋಯಿತು. ಕೊನೆಗೆ ಅವನು ಇನೇಸಳನ್ನು ಎತ್ತಿಕೊಂಡು ಹೊಸ್ತಿಲು ದಾಟಬೇಕು ಎನ್ನುವಾಗ ಕ್ವಾರಂತಾ ಅಡ್ಡ ಬಂದರು.

“ಎಷ್ಟು ಕಿಲೋ?”

“ಐವತ್ತೆಂಟು,” ಎಂದಳು ಇನೇಸ್, ಅವರನ್ನೇ ದುರುಗುಟ್ಟಿ ನೋಡುತ್ತಾ.

“ಮನುಷ್ಯನಾಗಿದ್ರೆ ಬಿಡ್ತಿರಲಿಲ್ಲ. ಯಂತ್ರ ತಾನೆ, ಎತ್ತಲಿ.”

ಎಲ್ಲರೂ ಚಪ್ಪಾಳೆ ತಟ್ಟಿದರು.

ಪರೀಕ್ಷೆಯ ನಂತರದ್ದೆಲ್ಲ ನಾನು ಹುಟ್ಟಿಸಿದ್ದು. ಪಾದ್ರಿ ಇಲ್ಲ, ಕುರಿ ಇಲ್ಲ, ಹೊಸ್ತಿಲೂ ಇಲ್ಲ. ಇನೇಸ್ ಪಾಸಾದದ್ದು ನಿಜ. ಲೈಸೆನ್ಸಿಗೆ ಸಹಿ ಹಾಕಬೇಕಾದ ಅಧಿಕಾರಿ ರಜೆಯಲ್ಲಿದ್ದಾರೆ. ಯಾವಾಗ ಬರುತ್ತಾರೆಂದು ಹೇಳಬೇಕಾದವರೂ ರಜೆಯಲ್ಲಿದ್ದಾರೆ. ಅವಳು ಈಗಲೂ ಎಂಟನೇ ನಂಬರ್ ಟ್ರಾಮಿನಲ್ಲಿ ಬರುತ್ತಾಳೆ, ಶೆಡ್ಡಿನ ಬಾಗಿಲಲ್ಲಿ ನಿಂತು ಡಬ್ಬಿಯಲ್ಲಿ ತಂದ ಪಾಸ್ತಾ ತಿನ್ನಿಸಿ ಹೋಗುತ್ತಾಳೆ. ಒಂದನೇ ನಂಬರಿಗೂ ಎರಡನೇ ನಂಬರಿಗೂ ಮಧ್ಯೆ ಸೆತ್ತಿಮಿಯೋ ನಿಂತಿರುತ್ತಾನೆ. ಕ್ರೇನು ಅಂದ ಮೇಲೆ ಶೆಡ್ಡಿನಲ್ಲಿ ತಾನೆ ಇರಬೇಕು, ಅನ್ನುತ್ತಾರೆ ಎಲ್ಲರೂ.