ಶಂಭುಲಿಂಗನ ಹನ್ನೆರಡು ಕೆಂಪು ಚುಕ್ಕಿ

ಉಣ್ಣುವ ಮೊದಲು ಹಕ್ಕಿಗೆ ಒಂದು ಚೂರು ರೊಟ್ಟಿ ಹಾಕಬೇಕು ಎನ್ನುವುದು ಮಾಳಮಡ್ಡಿಯ ಸಂಗವ್ವನ ಕಟ್ಟಪ್ಪಣೆ. ಮಗ ಶಂಭುಲಿಂಗನಿಗೆ ಮೂವತ್ತನಾಲ್ಕು ತುಂಬಿದರೂ ಒಂದು ದಿನ ತಪ್ಪಿಸಿದವನಲ್ಲ. ಮನೆಯಲ್ಲಾದರೆ ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದ. ಕಾರವಾರದ ಸಮುದ್ರದಲ್ಲಿ ದೋಣಿ ಮೇಲಿದ್ದಾಗ ಎಲ್ಲಿಡಬೇಕು ಹೇಳಿ? ನೀರಿಗೆ ಎಸೆದ. ಹನ್ನೆರಡು ದಿನ ಎಸೆದ. ಎಲ್ಲ ಫಜೀತಿ ಶುರುವಾದದ್ದು ಅಲ್ಲಿಂದಲೇ.

ಅವನ ನೌಕರಿಯೇ ಅಂಥದ್ದು. ಎರಡು ಸಾವಿರದ ಆರನೆಯ ಇಸವಿ. ಸಮುದ್ರದೊಳಗೆ ಗಾಳಿಯಂತ್ರ ನೆಟ್ಟು ಕರೆಂಟು ತೆಗೆಯುತ್ತೇವೆಂದು ಒಂದು ಕಂಪನಿ ಹೊರಟಿತ್ತು. ಅದರ ರೆಕ್ಕೆಗೆ ಸಿಕ್ಕು ಕಡಲಹಕ್ಕಿಗಳು ಸಾಯಬಾರದಲ್ಲ? ಎಲ್ಲಿ ಹಕ್ಕಿ ಹೆಚ್ಚು, ಎಲ್ಲಿ ಕಡಿಮೆ ಎಂದು ನಕಾಶೆ ಮಾಡಿಕೊಡುವ ಕೆಲಸ ಧಾರವಾಡದ ಒಂದು ಸಂಶೋಧನಾ ಕೇಂದ್ರಕ್ಕೆ ಬಂತು. ದೋಣಿಯಲ್ಲಿ ಕೂತು ಎಣಿಸುವ ಪಾಳಿ ಶಂಭುಲಿಂಗನದು. ಆ ಎಣಿಕೆಯನ್ನು ಕಂಪ್ಯೂಟರಿಗೆ ಉಣಿಸಿದರೆ, ಅದು ನೀರಿನ ಆಳ, ದಂಡೆಯ ದೂರ ಎಲ್ಲ ಹಿಡಿದು, ಇವನು ನೋಡದ ಕಡೆಗೂ ಎಷ್ಟು ಹಕ್ಕಿ ಇದ್ದಾವೆಂದು ಅಂದಾಜು ಹೇಳುತ್ತಿತ್ತು. ಹಕ್ಕಿ ಇಲ್ಲದಲ್ಲಿ ಹಸಿರು, ಹಿಂಡು ಇದ್ದಲ್ಲಿ ಕೆಂಪು.

ಇವತ್ತು ನಾಲ್ಕು ಗಂಟೆಗೆ ಕಂಪನಿಯ ಸಾಹೇಬರು ನಕಾಶೆ ನೋಡಲು ಕೇಂದ್ರಕ್ಕೆ ಬರುವವರಿದ್ದರು. ಅವರು ಮೆಚ್ಚಿದರೆ ನೌಕರಿ ಇನ್ನೆರಡು ವರ್ಷ ಮುಂದುವರಿಯುತ್ತದೆಂದು ಶಂಭುಲಿಂಗ ನಂಬಿದ್ದ. "ನೌಕರಿ ಕಾಗದಾ ತೋರಸ್ರಿ, ಹೆಣ್ಣು ಕೊಡತೇವಿ" ಎಂದು ಶಿರಗುಪ್ಪಿಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಹನ್ನೆರಡೂವರೆಗೆ ಅಟೆಂಡರ್ ಗುಲಾಬಸಾಬ ಚಹಾ ತಂದವನು ನಕಾಶೆಯ ಮೇಲೆ ಬಗ್ಗಿದ. ದೋಣಿಯಲ್ಲಿ ಬುತ್ತಿ ಹೊತ್ತು ಹೋದವನೂ ಅವನೇ.

"ಈ ಕೆಂಪು ಚುಕ್ಕಿ ಏನ್ರಿ, ಸಾಹೇಬ್ರ?"

"ಹಕ್ಕಿ ಹಿಂಡು. ಹನ್ನೆರಡು ಕಡೆ ಸಿಕ್ಕಾವು ನೋಡು."

"ಅಯ್ಯ! ಇಲ್ಲೆಲ್ಲಾ ನಾವು ಊಟಕ್ಕ ಕುಂತಿದ್ವಿ ಅಲ್ರಿ! ನೀವು ರೊಟ್ಟಿ ಒಗದ ಕೂಡ್ಲೆ ಎಲ್ಲೆಲ್ಲಿಂದನೋ ಬಂದು ಮುಕುರಿದ್ವು. ನೀವು ತುತ್ತು ಕೆಳಗಿಟ್ಟು ಎಣಸಾಕ ಹತ್ತಿದ್ರಿ."

ಶಂಭುಲಿಂಗ ನೋಟ್‌ಬುಕ್ಕು ತೆರೆದ. ಹನ್ನೆರಡೂ ಹಿಂಡಿನ ಎದುರು ಒಂದೇ ವೇಳೆ: ಮಧ್ಯಾಹ್ನ ಒಂದು ಗಂಟೆ.

"ಸತ್ತೆ ಗುಲಾಬಸಾಬ! ಇದನ್ನ ಸಾಹೇಬರು ಹಿಡದ್ರ ನೌಕರಿನೂ ಇಲ್ಲ, ಶಿರಗುಪ್ಪಿನೂ ಇಲ್ಲ."

ಕರೆಯದೆ ಬರುವುದರಲ್ಲಿ ಎತ್ತಿದ ಕೈ ಎಂದರೆ ಕ್ಲಾರ್ಕ್ ದ್ಯಾಮಣ್ಣ. ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡು ಒಳಗೆ ಬಂದ.

"ಅಷ್ಟಕ್ಕ ಯಾಕ ಅಂಜತೀ ತಮ್ಮಾ? ಆ ಹನ್ನೆರಡು ಎಣಿಕಿ ತಗದು ಹೊಸಾ ನಕಾಶಿ ತಗಿ. ರೊಟ್ಟಿಗೆ ಬಂದ ಹಕ್ಕಿ ಲೆಕ್ಕಕ್ಕಿಲ್ಲ."

ಮಾತು ಖರೇ ಇತ್ತು. ಆದರೆ ಕಂಪ್ಯೂಟರಿಗೆ ಎರಡು ತಾಸು ಬೇಕು. ಒಂದೂವರೆ ತಾಸು ಓಡಿತು. ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿದ್ದ ಬ್ಯಾಟರಿ ಡಬ್ಬಿ ಕುಂಯ್ ಕುಂಯ್ ಎನ್ನತೊಡಗಿತು.

"ಬ್ಯಾಟರಿ ಉಳಸಬೇಕು" ಎಂದ ದ್ಯಾಮಣ್ಣ, "ಈ ಕೆಂಪು ದೀಪಾ ಯಾಕ ಸುಮ್ಮ ಉರೀಬೇಕು?" ಎನ್ನುತ್ತ ಡಬ್ಬಿಯ ಗುಂಡಿಯನ್ನೇ ಒತ್ತಿಬಿಟ್ಟ. ಕಂಪ್ಯೂಟರ್ ಕಣ್ಣು ಮುಚ್ಚಿತು.

"ದ್ಯಾಮಣ್ಣಾರ! ಏನ್ ಮಾಡಿದ್ರಿ ಇದು!" ಶಂಭುಲಿಂಗನ ದನಿ ಅಳುವಿಗೆ ಬಂದಿತ್ತು.

ಗುಲಾಬಸಾಬ ಓಡಿದ. ಪಕ್ಕದ ಕಲ್ಯಾಣ ಮಂಟಪದಲ್ಲಿ ಮದುವೆ ನಡೆದಿತ್ತು. ಅವರ ಜನರೇಟರಿನಿಂದ ಕಿಟಕಿಯೊಳಗೆ ವೈರು ಎಳೆದು ತಂದ. ಮೊದಲಿನಿಂದ ಶುರು. ಆಗ ಎರಡೂ ಮುಕ್ಕಾಲು.

ನಾಲ್ಕಕ್ಕೆ ಸರಿಯಾಗಿ ಕೆಳಗೆ ಜೀಪು ನಿಂತಿತು. ಕೇಂದ್ರದ ಮುಖ್ಯಸ್ಥರಾದ ಹಂಚಿನಮನಿ ಸರ್ ಹುಬ್ಬಳ್ಳಿ ಸ್ಟೇಷನ್ನಿನಿಂದ ಸಾಹೇಬರನ್ನು ಕರೆತಂದಿದ್ದರು. ದ್ಯಾಮಣ್ಣ ಕೆಳಗೋಡಿ ಗಿರಮಿಟ್ಟು, ಮಿರ್ಚಿ, ಮತ್ತೆ ಗಿರಮಿಟ್ಟು ಎಂದು ತಿನ್ನಿಸುತ್ತ ಅವರನ್ನು ತಡೆದು ಕೂಡಿಸಿದ.

"ಶಂಭುಲಿಂಗಾ, ಆತೇನೋ?" ಸರ್ ಕೂಗಿದರು.

"ಬಂದೆ ಸರ್!" ಪರದೆಯ ಮೇಲೆ ಇನ್ನೂ ಎಪ್ಪತ್ತು ಪರ್ಸೆಂಟು. ತೊಂಬತ್ತಾಗುವ ಹೊತ್ತಿಗೆ ಮದುವೆಯವರು ಗಂಟುಮೂಟೆ ಕಟ್ಟತೊಡಗಿದರು. "ಇನ್ನೊಂದ ಹತ್ತು ನಿಮಿಷ ಜನರೇಟರ್ ಬಂದ್ ಮಾಡಬ್ಯಾಡ್ರಿ ಯಪ್ಪಾ" ಎಂದು ಗುಲಾಬಸಾಬ ಮದುಮಗನ ಅಪ್ಪನ ಕೈ ಹಿಡಿದುಕೊಂಡ. ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿಸಿತು.

ಅವರು ಹೊಸ್ತಿಲು ದಾಟುವುದಕ್ಕೂ ಪ್ರಿಂಟು ಹೊರಬೀಳುವುದಕ್ಕೂ ಸರಿಹೋಯಿತು. ಒಂದೂ ಕೆಂಪು ಚುಕ್ಕಿ ಇಲ್ಲ! ದಂಡೆಯಿಂದ ತುದಿಯವರೆಗೆ ಗೋಧಿ ಪೈರಿನಂಥ ಹಸಿರು.

ಬೆಳಗಾವಿ ಮೂಲದ ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಭಾಳ ಛಲೋ! ಎಲ್ಲಾ ಹಸಿರು! ಎಲ್ಲಿ ಬೇಕಾದಲ್ಲಿ ಯಂತ್ರಾ ನೆಡಬಹುದು" ಎಂದು ಶಂಭುಲಿಂಗನ ಕೈ ಕುಲುಕಿದರು. ಆಮೇಲೆ ಚೀಲದಿಂದ ಉದ್ದನೆಯ ಲಕೋಟೆ ತೆಗೆದರು. "ಇದು ನಿಮ್ಮ ಎರಡು ವರ್ಷದ ನೇಮಕದ ಕಾಗದಾ. ಸಹಿ ಮಾಡಿಸೇ ತಂದಿದ್ದೆ."

ಶಂಭುಲಿಂಗ ಎರಡೂ ಕೈ ಚಾಚಿದ.

"ಎಲ್ಲೆರೆ ಒಂದು ಹಿಂಡು ಕಂಡಿದ್ರೂ ಇನ್ನೆರಡು ವರ್ಷ ಎಣಸಬೇಕು ಅಂತ ನಮ್ಮ ಕರಾರು ಇತ್ತು. ಹಕ್ಕಿನೇ ಇಲ್ಲಂದಮ್ಯಾಲೆ ಏನ್ ಎಣಸ್ತೀರಿ?" ಲಕೋಟೆ ಮತ್ತೆ ಚೀಲ ಸೇರಿತು.

"ಹಕ್ಕಿ ಅದಾವ್ರೀ ಸರ್! ಹನ್ನೆರಡು ಹಿಂಡು! ಕಣ್ಣಾರೆ ನೋಡೇನ್ರಿ!"

"ಮತ್ತ ನಕಾಶ್ಯಾಗ ಯಾಕಿಲ್ಲೋ?" ಹಂಚಿನಮನಿ ಸರ್ ಹುಬ್ಬು ಗಂಟಿಕ್ಕಿದರು.

ಪಾಪ, ಉಪಕಾರ ಮಾಡಲೆಂದು ಗುಲಾಬಸಾಬ ಮುಂದೆ ಬಂದ. "ಖರೇ ಅದ ರೀ ಸರ್. ಇವರು ರೊಟ್ಟಿ ಒಗದ್ರ ಅಷ್ಟ ಬರತಾವ್ರಿ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಚಿಂತೀ ಬ್ಯಾಡ. ಯಂತ್ರದ ಹತ್ತರ 'ರೊಟ್ಟಿ ಒಗೀಬಾರದು' ಅಂತ ಬೋರ್ಡು ಹಾಕಸ್ತೇವಿ."

ಚೀಲದೊಳಗೆ ಕಾಗದ, ಕಾಗದದೊಳಗೆ ಶಿರಗುಪ್ಪಿಯ ಹುಡುಗಿ. ಎಲ್ಲ ಒಟ್ಟಿಗೆ ಜೀಪು ಹತ್ತಿ ಹುಬ್ಬಳ್ಳಿಯ ಕಡೆಗೆ ಹೋದವು.