ಗಿಲಕಿಗೆ ಇಟ್ಟ ಕುಂಕುಮ

ಭಕ್ತಿಗೂ ಒಂದು ಅಳತೆ ಬೇಕು ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ, ಚಪಾತಿ ಹಿಟ್ಟು ನಾದುತ್ತಿದ್ದಾಗ ತಿಳಿಯಿತು. ಇಲ್ಲಿ ಗಲ್ಫಿನಲ್ಲಿ, ಖಲೀಫಾ ಸಿಟಿಯ ವಿಲ್ಲಾದಲ್ಲಿ ಮಹಡಿ ನಮ್ಮದು, ಕೆಳಮನೆ ಲಿಯೋರಾಳದು. ಅವಳು ಯಹೂದಿ. ಭಾನುವಾರ ತಮ್ಮವರ ಹನ್ನೊಂದು ಮಕ್ಕಳಿಗೆ ಧರ್ಮಪಾಠ ಹೇಳುತ್ತಾಳೆ. ಅವರ ಪೂರಿಮ್ ಹಬ್ಬದಲ್ಲಿ ಒಂದು ಹಳೆಯ ಕತೆ ಓದುತ್ತಾರೆ. ಯಹೂದಿಗಳನ್ನೆಲ್ಲ ಕೊಲ್ಲಿಸಲು ಹೊರಟಿದ್ದ ಹಾಮಾನ್ ಎಂಬ ಮಂತ್ರಿಯ ಹೆಸರು ಬಂದಾಗಲೆಲ್ಲ, ಅದು ಕಿವಿಗೆ ಬೀಳದಂತೆ ಮಕ್ಕಳು ಗಿಲಕಿ ಆಡಿಸಿ ಗದ್ದಲ ಎಬ್ಬಿಸಬೇಕು. ಗದ್ದಲವೇ ಧರ್ಮಕಾರ್ಯ! ನನಗೆ ಬಹಳ ಹಿಡಿಸಿತು. ಖಾಲಿ ಮೊಸರಿನ ಡಬ್ಬಿ, ಕಡಲೆಕಾಳು ಎಲ್ಲ ನಾನೇ ಕೊಟ್ಟೆ. ಎರಡು ಭಾನುವಾರ ಕೂತು ಮಕ್ಕಳು ಗಿಲಕಿ ಮಾಡಿ, ಬಣ್ಣ ಬಳಿದು, ತಮ್ಮ ತಮ್ಮ ಹೆಸರು ಬರೆದರು. ಆರು ವರ್ಷದ ನೋವಾ ತನ್ನದರ ಮೇಲೆ ನೇರಳೆ ಮೀನು ಬಿಡಿಸಿ, “ಆಂಟಿ, ಡೋಂಟ್ ಟಚ್!” ಎಂದು ನನಗೇ ಆಜ್ಞೆ ಮಾಡಿದ್ದಳು. ಒಣಗಲೆಂದು ಎಲ್ಲವನ್ನೂ ನಮ್ಮ ಬಾಲ್ಕನಿಯಲ್ಲಿ ಬಿಟ್ಟು ಹೋಗಿದ್ದರು.

ಆ ದಿನ ಬೆಲ್ಲಾದಾಗ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದೆ. ಲಿಯೋರಾ. ಮುಖದಲ್ಲಿ ಕಳೆಯಿಲ್ಲ. “ಹಬ್ಬಕ್ಕೆ ಯಾರೂ ಸೇರುವುದು ಬೇಡ ಅಂತಾಗಿದೆ, ಮಾಲತಿ. ಕಾಲ ಸರಿಯಿಲ್ಲ, ದಾಳಿಯ ಭಯ, ನಮ್ಮವರೆಲ್ಲ ಒಂದೇ ಕಡೆ ಇರಬಾರದಂತೆ. ಎರಡು ಮನೆಯವರು ಇವತ್ತೇ ದೇಶ ಬಿಡುತ್ತಿದ್ದಾರೆ. ನೋವಾ ಕೂಡ. ಗಿಲಕಿಯಾದರೂ ಮಕ್ಕಳ ಕೈಗೆ ಸಿಗಲಿ, ಕೊಡು.”

“ದೇವರ ಹತ್ತಿರ ಉಂಟು, ತರ್ತೇನೆ” ಎಂದೆ.

ಹೊಸ ವಾದ್ಯವನ್ನು ಪೂಜೆ ಮಾಡದೆ ಮಕ್ಕಳ ಕೈಗೆ ಕೊಡುವುದುಂಟೇ? ಕಾಲ ಸರಿಯಿಲ್ಲವೆಂದು ನನಗೂ ಗೊತ್ತಿತ್ತಲ್ಲ. ಬೆಳಿಗ್ಗೆಯೇ ಹನ್ನೊಂದಕ್ಕೂ ಕುಂಕುಮವಿಟ್ಟು, ಹೂವೇರಿಸಿ, ಮಂಗಳಾರತಿ ಎತ್ತಿದ್ದೆ. ನೋವಾಳ ಮೀನಿಗೆ ಒಂದು ಬೊಟ್ಟು ಹೆಚ್ಚೇ.

ಹಿಂದೆಯೇ ಬಂದ ಲಿಯೋರಾ ನೋಡಿ ಹಾಗೇ ನೆಲಕ್ಕೆ ಕೂತಳು. “ಇವನ್ನು ನಮ್ಮ ಮಕ್ಕಳಿಗೆ ಕೊಡುವ ಹಾಗಿಲ್ಲ. ಬೇರೆ ಪೂಜೆಗೆ ಇಟ್ಟದ್ದು ನಮಗೆ ನಿಷಿದ್ಧ. ಪ್ರೀತಿಯಿಂದ ಮಾಡಿದ್ದೀ, ಗೊತ್ತು.”

“ತೊಳೆದರೆ?”

“ಆದರೂ ಆಗುವುದಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಹೊಸ ಗಿಲಕಿ ಮಾಡಲು ಡಬ್ಬಿ ತನ್ನಿರೆಂದು ಫೋನು ಮಾಡಿದಾಗ ನಮ್ಮ ಯಜಮಾನರು ಆ ಕೊರತೆ ತುಂಬಿದರು. “ಸ್ವಲ್ಪ ಭಕ್ತಿ ಕಡಿಮೆ ಮಾಡು ಮಾರಾಯ್ತಿ! ಮೊನ್ನೆ ವಾಷಿಂಗ್ ಮೆಷಿನ್ ಮೇಲೆ ಕಾಯಿ ಒಡೆದೆ, ಮೆಕ್ಯಾನಿಕ್ ಬರಬೇಕಾಯ್ತು. ಈಗ ಇದು!” ಪುಣ್ಯಕ್ಕೆ, ಬೈದರೂ ಅರ್ಧ ಗಂಟೆಯಲ್ಲಿ ಡಬ್ಬಿ ತಂದರು.

ನಾವಿಬ್ಬರೇ ಕೂತು ಹನ್ನೊಂದು ಹೊಸ ಗಿಲಕಿ ಮಾಡಿದೆವು. ನಾನು ಕಡಲೆ ಸುರಿಯಲು ಹೋದೆ. “ಬೇಡ. ಪಕ್ಕದ ಮನೆಗೆ ಕೇಳಿಸದ ಹಾಗೆ ಇರಲಿ ಅಂತ ತಾಯಂದಿರು ಹೇಳಿದ್ದಾರೆ” ಎಂದಳು. ಸಾಸಿವೆ ಹಾಕಿದೆವು. ಆಡಿಸಿದರೆ ಯಾರೋ ಬಾಯಿಗೆ ಬೆರಳಿಟ್ಟು ‘ಶ್’ ಎಂದ ಹಾಗೆ. ಸಾಸಿವೆಯಿಂದ ದೃಷ್ಟಿಯೂ ಹೋಗುತ್ತದೆ ಎಂದು ಬಾಯಿಯ ತುದಿಗೆ ಬಂತು, ನುಂಗಿಕೊಂಡೆ. ಜನ್ಮದಲ್ಲಿ ನಾನು ತಡೆದುಕೊಂಡ ಮೊದಲ ಭಕ್ತಿ ಅದು.

ಸಂಜೆ ವಿಮಾನಕ್ಕೆ ಹೋಗುವ ದಾರಿಯಲ್ಲಿ ನೋವಾಳ ಕಾರು ಗೇಟಿನ ಮುಂದೆ ನಿಂತಿತು. ಹೊಸದನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. “ವೇರ್ ಈಸ್ ಮೈ ಫಿಶ್?”

“ಆಂಟಿ ಮನೆಯಲ್ಲಿದೆ” ಎಂದಳು ಲಿಯೋರಾ.

“ಓಕೆ. ಐ ವಿಲ್ ಕಮ್ ಅಂಡ್ ಟೇಕ್ ಇಟ್.” ಕಾರು ಹೊರಟಿತು.

ಹಳೆಯ ಹನ್ನೊಂದೂ ಈಗ ಫ್ರಿಜ್ ಮೇಲಿವೆ. ಪೂಜೆಯಾದದ್ದನ್ನು ಬಿಸಾಡಲಾರೆ, ಆ ಮಕ್ಕಳ ಹೆಸರಿರುವುದನ್ನು ಮತ್ತೆ ದೇವರ ಮುಂದಿಡುವ ಧೈರ್ಯವಿಲ್ಲ. ಫ್ರಿಜ್ಜಿನ ಮೋಟರು ಶುರುವಾದಾಗಲೆಲ್ಲ ತಾವೇ ಗಲಗಲ ಎನ್ನುತ್ತವೆ. ಎಲ್ಲರೂ ಕ್ಷೇಮವಾಗಿ ತಲುಪಿದರಂತೆ, ಅದೇ ದೊಡ್ಡ ಪುಣ್ಯ. ನೋವಾ ಬಂದು ಕೇಳಿದರೂ ಮೀನು ಕೊಡುವ ಹಾಗಿಲ್ಲ. ಆದರೂ ಬಂದು ಕೇಳಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ. ನನಗೆ ಇನ್ನೂ ಬುದ್ಧಿ ಬಂದಿಲ್ಲ ನೋಡಿ. ಇರಲಿ, ದೋಸೆಗೆ ಅಕ್ಕಿ ನೆನೆಹಾಕಬೇಕು, ಏಳುತ್ತೇನೆ.